ಕಟ್ಟಿ ಹಾಕುವ ಮೊದಲು ಮರಿಯನ್ನು ಮಲಗಿಸಿ ನೋಡಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಮೂರು ತಿಂಗಳ ಲ್ಯಾಬ್ರಡಾರ್ ನಾಯಿಮರಿ, ಸಂಜೆಯಾದರೆ ಮೈಮೇಲೆ ದೇವರು ಬಂದ ಹಾಗೆ ಓಡುತ್ತದೆ, ಮಕ್ಕಳ ಕಾಲು ಕಚ್ಚುತ್ತದೆ, ಕೋಳಿ ಅಟ್ಟುತ್ತದೆ, ದಿನವಿಡೀ ಸರಪಳಿ ಹಾಕಿ ಕಟ್ಟಲಾ ಅಂತ ಕೇಳಿದ್ದೀರಿ. ಹೋದ ವರ್ಷ ಮೂಡಿಗೆರೆಯ ನಮ್ಮ ಮನೆಯಲ್ಲೂ ಇದೇ ಕತೆ. ನಾನೂ ಕಟ್ಟಿದೆ. ನಾಲ್ಕು ದಿನದಲ್ಲಿ ನಮ್ಮ ಮರಿ ಕರಿಯ ಊಳಿಡುವುದನ್ನೂ ಕಲಿತ, ಕಚ್ಚುವುದನ್ನು ಮಾತ್ರ ಬಿಡಲಿಲ್ಲ.

ಈ ವಯಸ್ಸಿನ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಇದು ನನಗೆ ತಡವಾಗಿ ಗೊತ್ತಾಯಿತು. ನಮ್ಮಲ್ಲಿ ಬೆಳಿಗ್ಗೆ ಆಳುಗಳು ಬರುತ್ತಾರೆ, ಜೀಪು ಬರುತ್ತದೆ, ಮಧ್ಯಾಹ್ನ ಶಾಲೆ ಮಕ್ಕಳು. ಪಾಪ, ಅದು ಕಣ್ಣು ಮುಚ್ಚುವುದು ಯಾವಾಗ? ಸಾಲದ್ದಕ್ಕೆ, ಓಡಿಸಿದರೆ ಸುಸ್ತಾಗಿ ಬೀಳುತ್ತಾನೆ ಅಂತ ನಾನು ತೋಟ ಪೂರ್ತಿ ಓಡಿಸಿದೆ. ನಿದ್ದೆಗೆಟ್ಟ ಮಗು ಮಲಗುವ ಬದಲು ಹಟ ಮಾಡುತ್ತದಲ್ವಾ, ಹಾಗೇ ಆಯಿತು. ಆಮೇಲೆ ಲೆಕ್ಕ ಬದಲಿಸಿದೆ. ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ. ಉಗ್ರಾಣದ ಮೂಲೆಯಲ್ಲಿ ಮರದ ಪೆಟ್ಟಿಗೆ, ಒಳಗೆ ಗೋಣಿಚೀಲ, ಮೇಲೊಂದು ಹಳೇ ಬೆಡ್‌ಶೀಟು. ಮೊದಲೆರಡು ದಿನ ಕುಂಯ್‌ಗುಟ್ಟಿದ. ವಾರದೊಳಗೆ ತಾನೇ ಹೋಗಿ ಮಲಗತೊಡಗಿದ. ಸಂಜೆಯ ಹುಚ್ಚಾಟ ಅರ್ಧಕ್ಕಿಂತ ಜಾಸ್ತಿ ಇಳಿಯಿತು.

ಇನ್ನು ಕಚ್ಚುವುದು. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಹಾಲುಹಲ್ಲು ಬೀಳಲು ಶುರು, ಏಳು ತಿಂಗಳೊಳಗೆ ಹೊಸ ಹಲ್ಲು ಪೂರ್ತಿ ಬರುತ್ತವೆ. ಅಲ್ಲಿವರೆಗೆ ವಸಡು ನವೆ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡಿ, ನೀವು ಪಕ್ಕದಲ್ಲೇ ಇರಿ. ಬೇಯಿಸಿದ ಮೂಳೆ ಬೇಡ, ಸಿಗಿದು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಕಾಲಿಗೆ ಬಾಯಿ ಹಾಕಿದರೆ ಕೂಗಬೇಡಿ, ಮೂತಿಗೆ ಹೊಡೆಯಬೇಡಿ. ಸುಮ್ನೆ ಎದ್ದು ಬಾಗಿಲಾಚೆ ಹೋಗಿ ಅರ್ಧ ನಿಮಿಷ ನಿಲ್ಲಿ. ಕಚ್ಚಿದರೆ ಆಟ ಬಂದ್ ಅಂತ ಅದಕ್ಕೆ ತಿಳಿಯಬೇಕು. ಮನೆಯವರೆಲ್ಲ ಹಾಗೇ ಮಾಡಬೇಕು. ನಮ್ಮಲ್ಲಿ ಅಪ್ಪ ಮಾತ್ರ ಲುಂಗಿ ಎಳೆಸಿಕೊಂಡು ನಗುತ್ತಿದ್ದರು. ಅವರ ಲುಂಗಿ ಮಾತ್ರ ಇವತ್ತಿಗೂ ಉಳಿದಿಲ್ಲ.

ಹಲ್ಲು ತಾಗಿ ಮಕ್ಕಳ ಕಾಲಲ್ಲಿ ರಕ್ತ ಬಂದರೆ ಮರಿ ತಾನೇ ಅಂತ ಬಿಡಬೇಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮರಿಗೆ ಮೂರು ತಿಂಗಳಾಗಿದೆ, ರೇಬೀಸ್ ಲಸಿಕೆ ಹಾಕಿಸಿ. ಪಾರ್ವೋ ಅಂದರೆ ಮರಿಗಳಿಗೆ ವಾಂತಿಭೇದಿ ತರುವ ವೈರಸ್, ಅದರ ಲಸಿಕೆಯೂ 16 ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೀಳಬೇಕು. ಲಸಿಕೆ ಮುಗಿಯುವ ತನಕ ಬೀದಿನಾಯಿ ಓಡಾಡುವ ಕಡೆ ಇಳಿಸಬೇಡಿ. ಆ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಕೋಳಿ ವಿಷಯಕ್ಕೆ ನನಗೆ ಎರಡು ತಿಂಗಳು ಹಿಡಿಯಿತು, ಒಂದು ಹೇಂಟೆಯೂ ಹೋಯಿತು. ಹದಿನೈದು ಅಡಿ ಹಗ್ಗ ಕಟ್ಟಿ, ಕೋಳಿ ಕಂಡರೂ ಎಳೆದಾಡದಷ್ಟು ದೂರದಲ್ಲಿ ಕೂರಿಸುತ್ತಿದ್ದೆ. ಕೋಳಿ ಬಿಟ್ಟು ನನ್ನ ಮುಖ ನೋಡಿದ ಕೂಡಲೇ ಒಂದು ಚೂರು ಬೇಯಿಸಿದ ಮೊಟ್ಟೆ. ಮೊಟ್ಟೆ ಕೊಟ್ಟು ಕೋಳಿ ಉಳಿಸ್ತಿದ್ದೀರಾ ಅಂತ ನನ್ನ ಹೆಂಡತಿ ಆಡಿಕೊಂಡಳು. ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದೆ. ಈಗ ಕೋಳಿ ಅವನ ತಟ್ಟೆಯಲ್ಲೇ ಅನ್ನ ಹೆಕ್ಕುತ್ತದೆ.

ತೋಟದವರು ಇನ್ನೊಂದು ನೋಡಿಕೊಳ್ಳಬೇಕು. ಕಾಫಿ ಒಣಗಿಸುವ ಕಣದ ಕಡೆ ಮರಿಯನ್ನು ಒಂಟಿಯಾಗಿ ಬಿಡಬೇಡಿ. ಕಾಫಿ ಹಣ್ಣು ಸಿಹಿ, ಮರಿ ನುಂಗುತ್ತದೆ. ಅದರ ಕೆಫೀನ್ ನಾಯಿಗೆ ವಿಷ. ಮೈಲುತುತ್ತ, ಇಲಿ ಪಾಷಾಣ ಎತ್ತರದಲ್ಲಿಡಿ. ಮಳೆಗಾಲದಲ್ಲಿ ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣುಗು ಹುಳ ಹುಡುಕಿ. ಪದೇ ಪದೇ ಸೀನುತ್ತಾ ಮೂಗಲ್ಲಿ ರಕ್ತ ಬಂದರೆ ಇಂಬಳ, ಅಂದರೆ ಜಿಗಣೆ, ಹೊಕ್ಕಿದೆಯಾ ಅಂತ ಡಾಕ್ಟರಿಗೆ ತೋರಿಸಿ.

ಸರಪಳಿ ವಿಚಾರಕ್ಕೆ ಬಂದರೆ, ಹಗಲು ಅರ್ಧ ಗಂಟೆ ಕಟ್ಟಿದರೆ ತಪ್ಪಿಲ್ಲ. ರಾತ್ರಿ ಅಂಗಳದಲ್ಲಿ ಮಾತ್ರ ಬೇಡವೇ ಬೇಡ. ನಮ್ಮ ಕಡೆ ಚಿರತೆಗೆ ನಾಯಿ ಅಂದರೆ ಸುಲಭದ ತುತ್ತು, ಕಟ್ಟಿದ ಮರಿಗೆ ಓಡಲೂ ಆಗುವುದಿಲ್ಲ. ಒಳಗೆ ಮಲಗಿಸಿ. ನಾಳೆಯಿಂದ ಎರಡು ದಿನ ಅದು ಎಷ್ಟು ಹೊತ್ತು ಮಲಗುತ್ತದೆ ಅಂತ ಗಡಿಯಾರ ನೋಡಿ ಬರೆದು ಇಲ್ಲೇ ಹಾಕಿ, ನೋಡೋಣ.