ಯುದ್ಧಭೂಮಿಗೆ ಹೊರಡುವ ಮುನ್ನ
ಪ್ರಶ್ನೆ: ಉಡುಪಿಯಲ್ಲಿ ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ವಿದೇಶಗಳ ಯುದ್ಧ, ಸಂಘರ್ಷಗಳ ಛಾಯಾಗ್ರಾಹಕಿಯಾಗುವ ಆಸೆಯಿದೆ. ಸಾಲ ಮಾಡಿ ಒಳ್ಳೆಯ ಕ್ಯಾಮೆರಾ ಕೊಂಡು ಸ್ವತಂತ್ರವಾಗಿಯೇ ಹೊರಡಬಹುದೇ? ಮನೆಯವರು ಒಪ್ಪುತ್ತಿಲ್ಲ.
– ಓದುಗರೊಬ್ಬರು, ಮಲ್ಪೆ

ಉತ್ತರ: ಸಾಲ ಮಾಡಬೇಡಿ. ಸಂಸ್ಥೆಯೊಂದರ ಬೆಂಬಲವಿಲ್ಲದೆ ಹೋದವರು ವಿಮೆ, ಗುಂಡುನಿರೋಧಕ ಕವಚ, ವಾಹನ, ಸ್ಥಳೀಯ ಸಹಾಯಕರ ಸಂಬಳ ಎಲ್ಲವನ್ನೂ ತಾವೇ ಭರಿಸಬೇಕಾಗುತ್ತದೆ; ಇಷ್ಟಾಗಿಯೂ ತೆಗೆದ ಚಿತ್ರವನ್ನು ಯಾರಾದರೂ ಕೊಳ್ಳುತ್ತಾರೆಂಬ ಖಾತರಿಯಿಲ್ಲ.

ಛಾಯಾಗ್ರಾಹಕ ದಾನಿಶ್ ಸಿದ್ದೀಕಿಯವರು ನಡೆದ ಹಾದಿಯನ್ನು ಗಮನಿಸಿ. ಟಿವಿ ವರದಿಗಾರರಾಗಿದ್ದ ಅವರು 2010ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಸೇರಿದ್ದು ತರಬೇತಿ ಅಭ್ಯರ್ಥಿಯಾಗಿ. ಇರಾಕಿನ ಮೊಸುಲ್ ಕದನವನ್ನು ಚಿತ್ರಿಸಿದ್ದು ಎಷ್ಟೋ ವರ್ಷಗಳ ಬಳಿಕ. ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ ಅವರಿದ್ದ ತಂಡಕ್ಕೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ಅಷ್ಟು ಅನುಭವವಿದ್ದವರೂ 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಹತರಾದರು. ನಿಮ್ಮ ಮನೆಯವರ ಅಂಜಿಕೆಗೆ ಕಾರಣವಿಲ್ಲದಿಲ್ಲ.

ಆದ್ದರಿಂದ ಕ್ಯಾಮೆರಾಕ್ಕಿಂತ ಮೊದಲು ಪ್ರಥಮ ಚಿಕಿತ್ಸೆ ಕಲಿಯಿರಿ. 2011ರ ಏಪ್ರಿಲ್‌ನಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ಶೆಲ್ ಚೂರು ತಗುಲಿದ ಯುದ್ಧ ಛಾಯಾಗ್ರಾಹಕ ಟಿಮ್ ಹೆದರಿಂಗ್‌ಟನ್ ರಕ್ತಸ್ರಾವದಿಂದ ತೀರಿಕೊಂಡರು. ಸಕಾಲದಲ್ಲಿ ರಕ್ತ ನಿಲ್ಲಿಸಿದ್ದರೆ ಅವರು ಉಳಿಯುತ್ತಿದ್ದರೇನೋ ಎಂಬ ಕೊರಗಿನಿಂದಲೇ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್, ಸ್ವತಂತ್ರ ಪತ್ರಕರ್ತರಿಗೆ ಇಂಥ ತರಬೇತಿ ನೀಡುವ ಸಂಸ್ಥೆಯನ್ನು ಕಟ್ಟಿದರು. ಕೈ ಅಥವಾ ಕಾಲಿನ ಗಾಯಕ್ಕಿಂತ ತುಸು ಮೇಲೆ ಟೂರ್ನಿಕೆಟ್ ಪಟ್ಟಿಯನ್ನು ಸುತ್ತಿ, ಅದರ ಕಡ್ಡಿಯನ್ನು ರಕ್ತ ನಿಲ್ಲುವವರೆಗೂ ತಿರುಗಿಸಿ, ಬಿಗಿದ ಹೊತ್ತನ್ನು ಬರೆದಿಡುವುದು ನಿಮಗೆ ಕತ್ತಲಲ್ಲೂ, ಒಂದೇ ಕೈಯಲ್ಲೂ ಬರಬೇಕು.

ಎರಡನೆಯದು ಭಾಷೆ. ಗಲ್ಫ್‌ನಲ್ಲಿ ದುಡಿದು ಮರಳಿದವರು ನಮ್ಮ ಕರಾವಳಿಯ ಊರೂರಲ್ಲೂ ಇರುವುದರಿಂದ ಅರಬ್ಬಿ ಮಾತಿನ ರೂಢಿ ನಿಮಗೆ ದಿಲ್ಲಿಯವರಿಗಿಂತ ಸುಲಭವಾಗಿ ದಕ್ಕೀತು. ಹಾಗೆಂದು ಸ್ಥಳೀಯ ಸಹಾಯಕರ, ಅಂದರೆ ಫಿಕ್ಸರ್‌ಗಳ ಅಗತ್ಯ ತಪ್ಪುವುದಿಲ್ಲ. ಯಾವ ತಪಾಸಣಾ ಠಾಣೆ ಯಾರ ವಶದಲ್ಲಿದೆ ಎಂಬುದನ್ನು ಬಲ್ಲವರು ಅವರೇ. ಚಿತ್ರದ ಕೆಳಗೆ ಅವರ ಹೆಸರು ಬರುವುದು ಅಪರೂಪವೆಂಬುದು ಈ ವೃತ್ತಿಯ ಅನ್ಯಾಯ.

ಅಲ್ಲಿಯವರೆಗೆ ಈಗಿರುವ ಕ್ಯಾಮೆರಾದಲ್ಲೇ ಉಳ್ಳಾಲದ ಕಡಲ್ಕೊರೆತವನ್ನು ಒಂದು ಮಳೆಗಾಲ ಪೂರ್ತಿ ಹಿಂಬಾಲಿಸಿ. ಮನೆ ಕಳೆದುಕೊಂಡವರ ಒಪ್ಪಿಗೆ ಕೇಳಿ, ಹೆಸರನ್ನು ಅಕ್ಷರತಪ್ಪಿಲ್ಲದೆ ಬರೆದುಕೊಂಡು, ದಿನ, ಸ್ಥಳಗಳೊಂದಿಗೆ ಚಿತ್ರಶೀರ್ಷಿಕೆ ಬರೆಯಿರಿ. ಚಿತ್ರದಲ್ಲಿರುವುದನ್ನು ಅಳಿಸುವ, ಇಲ್ಲದ್ದನ್ನು ಸೇರಿಸುವ ಸಾಫ್ಟ್‌ವೇರ್ ಕೈಚಳಕವನ್ನು ಸುದ್ದಿಸಂಸ್ಥೆಗಳು ಕ್ಷಮಿಸುವುದಿಲ್ಲ. ಇಂಥ ಒಂದು ಸರಣಿ ಕೈಯಲ್ಲಿದ್ದರೆ ದಿಲ್ಲಿಯ ಸುದ್ದಿಸಂಸ್ಥೆಗಳಿಗೆ ತರಬೇತಿ ಅಭ್ಯರ್ಥಿಯಾಗಿ ಅರ್ಜಿ ಹಾಕಲು ಮುಂದಿನ ವರ್ಷ ಅಡ್ಡಿಯಿಲ್ಲ.