ರೇಟು ಬಾಕಿ ಪಟ್ಟಿ ಯಾಕೆ ಖಾಲಿ?

ಪ್ರಶ್ನೆ: ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಆರು ವರ್ಷ ಚೆನ್ನಾಗೇ ಓಡಿತು. ಹೋಸ್ಟಿಂಗ್‌ನವರು ಸರ್ವರಿನ ಪಿಎಚ್‌ಪಿಯನ್ನು 7.4ನೇ ಆವೃತ್ತಿಯಿಂದ 8ಕ್ಕೆ ಬದಲಾಯಿಸಿದ ಮೇಲೆ 'ರೇಟು ಬಾಕಿ' ಪಟ್ಟಿಯಲ್ಲಿ ಒಂದು ಲಾಟೂ ಕಾಣಲ್ಲ. ಎರರ್ ಕೂಡ ಇಲ್ಲ. ಓಡ್ತಿದ್ದ ಕೋಡನ್ನು ಭಾಷೆಯವರೇ ಕೆಡಿಸಬಹುದಾ ಸಾರ್?
— ಓದುಗರು, ಕೋಲಾರ

ಉತ್ತರ: ನೀವು ಕಳಿಸಿದ ಸಾಲು ನೋಡಿದೆ. ರೇಟು == 0 (ಸೊನ್ನೆಗೆ ಸಮ) ಇದ್ದರೆ ಬಾಕಿ ಪಟ್ಟಿಗೆ ಸೇರಿಸು ಅಂತ ಬರೆದಿದ್ದೀರಿ. ಆದರೆ ಹರಾಜಾಗದ ಲಾಟಿನಲ್ಲಿ ಇರೋದು ಸೊನ್ನೆ ಅಲ್ಲ, ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲದ ಪಠ್ಯ. ಹಳೇ ಪಿಎಚ್‌ಪಿ ಸ್ಟ್ರಿಂಗನ್ನು ಅಂಕಿ ಮಾಡಿಕೊಂಡು ಹೋಲಿಸುತ್ತಿತ್ತು, ಅದರಲ್ಲಿ ಅಂಕಿಯೇ ಸಿಗದಿದ್ದರೆ ಸೊನ್ನೆ ಅಂದುಕೊಳ್ಳುತ್ತಿತ್ತು, ಹಾಗಾಗಿ ಖಾಲಿಯೂ ಸೊನ್ನೆಗೆ ಸಮ, 'ಟೊಮೆಟೊ' ಅನ್ನೋ ಪದವೂ ಸೊನ್ನೆಗೆ ಸಮ! 2020ರ ನವೆಂಬರ್‌ನಲ್ಲಿ ಬಂದ 8.0 ಇದನ್ನು ಸರಿ ಮಾಡಿತು. ಈಗ ಅಂಥ ಕಡೆ ಸೊನ್ನೆಯನ್ನೇ ಸ್ಟ್ರಿಂಗ್ ಮಾಡಿ ಹೋಲಿಸುತ್ತೆ. ಖಾಲಿಗೂ '0'ಗೂ ತಾಳೆ ಆಗಲ್ಲ.

ಸರಿ ಮಾಡಿದ್ದು ಒಳ್ಳೇದೇ. ಆದರೂ ನಿಮ್ಮ ಸಿಟ್ಟು ನ್ಯಾಯವಾದದ್ದು. ಇದೇ ಪಿಎಚ್‌ಪಿಯಲ್ಲಿ ಎಷ್ಟಿದೆ ಅಂತ ಎಣಿಸುವ ಕೌಂಟ್ ಫಂಕ್ಷನ್‌ಗೆ ನಲ್ (ಏನೂ ಇಲ್ಲ ಅನ್ನೋದರ ಗುರುತು) ಕೊಟ್ಟರೆ ಮೊದಲು ಸುಮ್ನೆ 0 ಬರುತ್ತಿತ್ತು, 2017ರ 7.2ರಲ್ಲಿ ವಾರ್ನಿಂಗ್ ಬಂತು, 8ರಲ್ಲಿ ಟೈಪ್ ಎರರ್ ಬಂದು ಪ್ರೋಗ್ರಾಂ ನಿಲ್ಲೋ ಹಾಗಾಯ್ತು. ತಿದ್ದಿಕೊಳ್ಳೋಕೆ ಮೂರು ವರ್ಷ ಸಿಕ್ಕಿತು. ನಿಮ್ಮ ಸಾಲಿಗೆ ಅಂಥ ವಾರ್ನಿಂಗ್ ಬರಲೇ ಇಲ್ಲ, ಉತ್ತರ ಮಾತ್ರ ತಿರುಗಿತು. ಪ್ರೋಗ್ರಾಂ ನಿಂತಿದ್ದರೆ ಮಂಡಿಯವರು ಆ ಬೆಳಗ್ಗೆಯೇ ನಿಮಗೆ ಫೋನ್ ಮಾಡುತ್ತಿದ್ದರು, ಅಲ್ವಾ? ಹಳೇ ಕೋಡಿಗೆ ಜಾಸ್ತಿ ನೋವು ಕೊಡೋದು ಈ ತರಹದ ಬದಲಾವಣೆಯೇ.

ಹಾಗಂತ 7.4ಕ್ಕೆ ವಾಪಸ್ ಹೋಗಬೇಡಿ. ಅದಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಬರೋದು 2022ರ ನವೆಂಬರ್‌ಗೇ ನಿಂತಿದೆ. ಗಾಬರಿಯಲ್ಲಿ ಎಲ್ಲ ಕಡೆ === 0 ಅಂತಲೂ ಹಾಕಬೇಡಿ. === ಹಾಕಿದರೆ ಎರಡೂ ಕಡೆ ಒಂದೇ ಬಗೆ (ಅಂಕಿನಾ, ಸ್ಟ್ರಿಂಗಾ) ಇರಲೇಬೇಕು. ಫಾರ್ಮಿನಿಂದ ಬರುವ ರೇಟು '0' ಅನ್ನೋ ಸ್ಟ್ರಿಂಗ್, ಅದು ಅಂಕಿ 0ಗೆ === ಆಗೋದೇ ಇಲ್ಲ. ಖಾಲಿನಾ ಅಂತ ಮೊದಲು === '' ಹಾಕಿ ನೋಡಿ, ಆಮೇಲೆ ಅಂಕಿ ಮಾಡಿಕೊಳ್ಳಿ. ಕೋಡಿನಲ್ಲಿ == ಇರುವ ಒಂದೊಂದು ಜಾಗವನ್ನೂ ಕೂತು ಓದಲೇಬೇಕು, ಬೇರೆ ದಾರಿ ಇಲ್ಲ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. 8 ಬಂದ ದಿನದಿಂದ ರೇಟು ಖಾಲಿ ಉಳಿದ ಲಾಟುಗಳನ್ನು ನೇರ ಡೇಟಾಬೇಸಿನಲ್ಲೇ ಹುಡುಕಿ ತೆಗೆಯಿರಿ. ಬಾಕ್ಸ್ ಇಳಿಸಿಹೋದ ರೈತರು ಬಿಲ್ಲಿಗೆ ಕಾಯುತ್ತಿರಬಹುದು, ಮಂಡಿಯವರಿಂದ ಇವತ್ತೇ ಅವರಿಗೆ ಫೋನ್ ಮಾಡಿಸಿ.