ತೋಟದ ಸದ್ದನ್ನು ಡೈರಿಯಲ್ಲಿ ಬರೆಯುವುದು ಹೇಗೆ?

ಅಕ್ಕ, ಮಳೆ, ಗೊಬ್ಬರ, ಕೂಲಿ ಲೆಕ್ಕ ಎಲ್ಲ ಡೈರಿಯಲ್ಲಿ ಬರೆಯುತ್ತೀರಿ, ಸದ್ದಿನ ವಿಷಯ ಬಂದಾಗ ಮಾತ್ರ ‘ಏನೋ ಬಿದ್ದ ಹಾಗಾಯಿತು’ ಅನ್ನುವಲ್ಲಿಗೇ ನಿಂತುಹೋಗುತ್ತದೆ ಅಂದಿರಿ. ಶಿರಸಿ ಕಡೆ ಅಡಿಕೆ ತೋಟದಲ್ಲೇ ಇರುವವನು ನಾನು. ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಯಾವುದರ ಸದ್ದು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಹೇಗೆ ಶುರುವಾಯಿತು, ನಡುವೆ ಏನಾಯಿತು, ಹೇಗೆ ನಿಂತಿತು, ಅಷ್ಟು ಬರೆಯಿರಿ. ಅಡಿಕೆ ಹಾಳೆ, ಅಂದರೆ ಸೋಗೆಯ (ಗರಿಯ) ಬುಡದ ಅಗಲ ಪೊರೆ, ಬೀಳುವುದನ್ನೇ ತಗೊಳ್ಳಿ. ಮೇಲೆ ‘ಪರ್’ ಅನ್ನುತ್ತದೆ. ಒಂದು ಗಳಿಗೆ ಏನೂ ಇಲ್ಲ. ಪಕ್ಕದ ಮರದ ಸೋಗೆ ಸವರಿಕೊಂಡು ಇಳಿಯುವಾಗ ‘ಸರ್ರ್’. ಕೆಳಗೆ ದರಕು (ಉದುರಿದ ಒಣ ಎಲೆ) ಇದ್ದರೆ ‘ಚಟಾರ್’, ಮಳೆಗಾಲದ ಹಸಿ ಮಣ್ಣಾದರೆ ಬರೀ ‘ದಪ್’. ಒಂದೇ ಹಾಳೆ, ಕಾಲಕ್ಕೆ ತಕ್ಕ ಹಾಗೆ ಬೇರೆ ಸದ್ದು.

ಇದಕ್ಕಿಂತ ಮುಖ್ಯ, ಹಸಿ ಅಡಿಕೆ ಉದುರುವ ಸದ್ದು. ಜುಲೈ, ಆಗಸ್ಟಿನಲ್ಲಿ ಧೋ ಅಂತ ಸುರಿಯುವ ಮಳೆ ಸ್ವಲ್ಪ ಬಿಟ್ಟು ಹೊಳವಾದಾಗ ಜಗಲಿಯಲ್ಲಿ ಸುಮ್ನೆ ಕೂತು ಕೇಳಿ. ಸೋಗೆಯಿಂದ ತೊಟ್ಟಿಕ್ಕುವ ನೀರು ಬಿಡದೆ ಸಣ್ಣಗೆ ಕೇಳುತ್ತಿರುತ್ತದೆ. ಕಾಯಿ ಹಾಗಲ್ಲ. ಬಿಟ್ಟು ಬಿಟ್ಟು, ಗಟ್ಟಿಯಾಗಿ ‘ಟಪ್’. ತೋಟದ ಯಾವ ಮೂಲೆಯಿಂದ ಬಂತು ಅಂತ ತಪ್ಪದೆ ಬರೆದಿಡಿ. ಜಾಸ್ತಿ ಕೇಳಿದರೆ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ, ಬಿದ್ದ ಕಾಯಿ ತಿರುಗಿಸಿ ನೋಡಿ. ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡು ಹಸಿರು ಕಲೆ ಇದ್ದರೆ ಕೊಳೆ ರೋಗ ಶುರುವಾಗಿದೆ. ಬಿದ್ದಿದ್ದನ್ನೆಲ್ಲ ಹೆಕ್ಕಿ ತೋಟದಿಂದ ಆಚೆ ಹಾಕಿ. ಹೊಳವು ಸಿಕ್ಕ ಕೂಡಲೇ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಸಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಗೊನೆಗೆ ಚೆನ್ನಾಗಿ ತಾಗಬೇಕು.

ಗುಡುಗಿನದು ಸುಲಭ. ಮಿಂಚು ಕಂಡ ಕೂಡಲೇ ಎಣಿಸಿ. 3 ಸೆಕೆಂಡಿಗೆ ಹೆಚ್ಚುಕಡಿಮೆ 1 ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿದರೆ ಮರದ ಮೇಲಿರುವವರನ್ನು ಕೆಳಗಿಳಿಸಿ, ಎಲ್ಲರೂ ಮನೆಯೊಳಗೆ ಬನ್ನಿ. ಇದರಲ್ಲಿ ಉದಾಸೀನ ಬೇಡವೇ ಬೇಡ.

ನಿಮ್ಮ ಅಂಕೋಲಾದಲ್ಲಿ ಕಡಲೂ ಇದೆಯಲ್ವಾ, ಗಾಳಿಯ ದಿಕ್ಕನ್ನೂ ಬರೆಯಿರಿ. ಕಡಲಿಂದ ಬೀಸುವಾಗ ಅಲೆ ಮನೆ ಹಿತ್ತಲಿಗೇ ಬಂದ ಹಾಗಿರುತ್ತದೆ. ಗಾಳಿ ತಿರುಗಿತೋ, ತಗ್ಗುತ್ತದೆ. ಹಕ್ಕಿಗಳಲ್ಲಿ ಕೂಗು ಮಾತ್ರವಲ್ಲ, ರೆಕ್ಕೆಗೂ ಕಿವಿಗೊಡಿ. ನಮ್ಮ ಘಟ್ಟದ ಕಾಡಲ್ಲಿ ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಾರಿದರೆ ಹಕ್ಕಿ ಕಾಣುವ ಮೊದಲೇ ‘ಹುಸ್ ಹುಸ್’ ಅಂತ ರೆಕ್ಕೆ ಬಡಿತ ಕೇಳುತ್ತದೆ.

ಫೋನಲ್ಲಿ ರೆಕಾರ್ಡ್ ಮಾಡಬಹುದಾ ಅಂತ ಕೇಳಿದ್ದಿರಿ. ಮಾಡಿ. ಆದರೆ ಅದನ್ನೊಂದೇ ನಂಬಬೇಡಿ. ಎಷ್ಟೋ ಫೋನುಗಳು ಸಣ್ಣ ಸದ್ದನ್ನು ತಾವೇ ಏರಿಸಿ, ದೊಡ್ಡದನ್ನು ತಗ್ಗಿಸುತ್ತವೆ. ಆಮೇಲೆ ಕೇಳಿದರೆ ಹತ್ತಿರದ್ದು, ದೂರದ್ದು ಗೊತ್ತಾಗುವುದಿಲ್ಲ. ರೆಕಾರ್ಡ್ ಒತ್ತಿದ ಕೂಡಲೇ ಹೊತ್ತು, ಜಾಗ, ಸದ್ದು ಯಾವ ಕಡೆಯಿಂದ ಬರುತ್ತಿದೆ ಅನ್ನುವುದನ್ನು ಬಾಯಲ್ಲೇ ಹೇಳಿಬಿಡಿ. ಬರೆದಿದ್ದನ್ನು ಇಲ್ಲಿ ಹಾಕಿದರೆ ಖಂಡಿತ ಓದುತ್ತೇನೆ.